ತೊರಕೆಯ ಮರಣಕಾಲದ ಹೇಳಿಕೆ

ನಿಮ್ಮಲ್ಲಿ ತೊರಕೆ ಮೀನನ್ನು ಇಡಿಯಾಗಿ ಕಂಡವರು ಎಷ್ಟು ಮಂದಿ ಇದ್ದೀರಿ? ತುಂಡು ಮಾಡಿ ಪುಳಿಮುಂಚಿ ಮಾಡಿದ ಮೇಲೆ ಕಂಡವರನ್ನು ಕೇಳುತ್ತಿಲ್ಲ, ಅಂಥವರು ಬಹಳ ಮಂದಿ ಇರುತ್ತೀರಿ. ಇಡೀ ಮೀನನ್ನು ಕಂಡವರು ಕೈ ಎತ್ತಿ. ಸರಿ, ಕರಾವಳಿಯವರು ಎತ್ತಿದ್ದೀರಿ. ಘಟ್ಟದ ಮೇಲಿನಿಂದ ಬಂದವರಿಗಾಗಿ ಹೇಳುತ್ತೇನೆ. ಮೊರದಷ್ಟು ಅಗಲ, ಹೆಚ್ಚುಕಡಿಮೆ ಮೊರದಷ್ಟೇ ಚಪ್ಪಟೆ, ಹಿಂದೆ ಚಾಟಿಯಂಥ ಬಾಲ. ಕಣ್ಣು ಮೇಲೆ, ಬಾಯಿ ಕೆಳಗೆ. ತಾನು ಬಾಯಿಗೆ ಹಾಕಿಕೊಳ್ಳುವುದನ್ನು ತಾನೇ ನೋಡಲಾರದ ಮೀನು ಇದು. ಕೆಸರಿನಲ್ಲಿ ಮೈ ಹುದುಗಿಸಿಕೊಂಡು ಮಲಗಿದರೆ ಕಣ್ಣಿನ ಹಿಂದಿರುವ ಎರಡು ರಂಧ್ರಗಳಿಂದ ನೀರು ಎಳೆದುಕೊಂಡು ಉಸಿರಾಡುತ್ತದೆ.

ನಾವು ತೊರಕೆ ಎಂಬ ಒಂದೇ ಹೆಸರಿನಲ್ಲಿ ಹಲವು ಜಾತಿಗಳನ್ನು ಕಟ್ಟಿಹಾಕುತ್ತೇವೆ. ವಿಜ್ಞಾನಿಗಳು ಅದರೊಳಗೆ ಹಲವು ಕುಲಗಳನ್ನು ಬೇರ್ಪಡಿಸುತ್ತಾರೆ. ಇಂದಿನ ಮಾತಿಗೆ ಬೇಕಾದ ವ್ಯತ್ಯಾಸ ಒಂದೇ. ನಮ್ಮ ಬಲೆಗೆ ಸಾಮಾನ್ಯವಾಗಿ ಬೀಳುವ, ಬಾಲದಲ್ಲಿ ವಿಷದ ಮುಳ್ಳಿರುವ ತೊರಕೆಗಳು ಮರಿ ಹಾಕುತ್ತವೆ. ಅವುಗಳ ದಾಯಾದಿಗಳಾದ ಸ್ಕೇಟ್‌ಗಳು ಮೊಟ್ಟೆ ಇಡುತ್ತವೆ. ಆ ಮೊಟ್ಟೆ ಕೋಳಿಮೊಟ್ಟೆಯ ಹಾಗೆ ದುಂಡಗಿಲ್ಲ. ನಾಲ್ಕು ಮೂಲೆಗಳಲ್ಲಿ ಕೊಂಬು ಮೂಡಿದ ಚರ್ಮದ ಚೀಲದಂತಿರುತ್ತದೆ. ಎರಡು ಬಗೆಗೂ ಒಂದು ಸಮಾನ ಕಷ್ಟವಿದೆ. ಬಂಗುಡೆ, ಬೂತಾಯಿಗಳಂತೆ ಲಕ್ಷಗಟ್ಟಲೆ ಮೊಟ್ಟೆ ಚೆಲ್ಲಿ ಕೈತೊಳೆದುಕೊಳ್ಳುವ ಜಾಯಮಾನ ಇವುಗಳದ್ದಲ್ಲ. ನಿಧಾನವಾಗಿ ಬೆಳೆದು, ತಡವಾಗಿ ಪ್ರಾಯಕ್ಕೆ ಬಂದು, ಕಡಿಮೆ ಸಂತಾನ ಪಡೆಯುತ್ತವೆ. 2021ರ ಜಾಗತಿಕ ಮೌಲ್ಯಮಾಪನದ ಪ್ರಕಾರ ಶಾರ್ಕ್, ತೊರಕೆ ಮತ್ತು ಅವುಗಳ ನಂಟರ ಮೂರು ಜಾತಿಗಳಲ್ಲಿ ಒಂದಕ್ಕಿಂತ ಹೆಚ್ಚು ಅಳಿವಿನ ಅಂಚಿಗೆ ಸರಿದಿವೆ. ಅದರಲ್ಲಿ ತೊರಕೆಗಳ ಪಾಡು ಶಾರ್ಕ್‌ಗಳಿಗಿಂತ ಕೆಟ್ಟದ್ದು. ಆದರೆ ಸಿನಿಮಾ ಆದದ್ದು ಶಾರ್ಕ್ ಮೇಲೆ.

ಇನ್ನು ವಿಷಯಕ್ಕೆ ಬರುತ್ತೇನೆ. ಕಾಡಿನಲ್ಲಿ ಹುಲಿಯ ಜಾಡು ಹಿಡಿಯಬೇಕಾದರೆ ಕೊರಳಿಗೆ ರೇಡಿಯೊ ಪಟ್ಟಿ ಕಟ್ಟುತ್ತಾರೆ, ಉಪಗ್ರಹ ಅದನ್ನು ನೋಡುತ್ತಿರುತ್ತದೆ. ತೊರಕೆಗೂ ಹಾಗೆಯೇ ಮಾಡಬಹುದಲ್ಲ ಎಂದು ನೀವು ಕೇಳಬಹುದು. ಆಗುವುದಿಲ್ಲ. ಉಪ್ಪುನೀರು ರೇಡಿಯೊ ಅಲೆಗಳನ್ನು ಕೆಲವೇ ಅಡಿಗಳೊಳಗೆ ನುಂಗಿಬಿಡುತ್ತದೆ. ತಿಮಿಂಗಿಲ ಉಸಿರಿಗಾಗಿ ಮೇಲೆ ಬರುತ್ತದೆ, ಕಡಲಾಮೆಯೂ ಬರುತ್ತದೆ, ಅವುಗಳ ಬೆನ್ನಿಗೆ ಉಪಗ್ರಹದ ಟ್ಯಾಗ್ ಹಾಕಬಹುದು. ತಳದ ಕೆಸರಿನಲ್ಲೇ ಬಾಳುವೆ ಮಾಡುವ ತೊರಕೆ ಮೇಲೆ ಬರುವುದೇ ಇಲ್ಲ. ಅದು ಎಲ್ಲಿದೆ ಎಂದು ತಿಳಿಯಲು ನೀರು ತಡೆಯದ ಸಂಗತಿಯೊಂದು ಬೇಕು.

ಅದು ಸದ್ದು. ಚಿಕ್ಕಂದಿನಲ್ಲಿ ಬಾವಿಯಲ್ಲೋ ಕೆರೆಯಲ್ಲೋ ಈಜಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಾವು ಮುಳುಗಿ, ಒಬ್ಬ ಆಚೆ ದಡದಲ್ಲಿ ನೀರೊಳಗೆ ಎರಡು ಕಲ್ಲು ಕುಟ್ಟಿದರೆ, ಈಚೆ ಇರುವವನ ಕಿವಿಯ ಪಕ್ಕದಲ್ಲೇ ಕುಟ್ಟಿದಂತೆ ಕೇಳುತ್ತಿತ್ತು. ಯಾವ ದಿಕ್ಕಿನಿಂದ ಬಂತೆಂದು ಹೇಳಲು ಮಾತ್ರ ಆಗುತ್ತಿರಲಿಲ್ಲ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗ. ನಮ್ಮ ಎರಡು ಕಿವಿಗಳಿಗೆ ಅದು ಹೆಚ್ಚುಕಡಿಮೆ ಒಂದೇ ಕ್ಷಣಕ್ಕೆ ತಲುಪುವುದರಿಂದ ದಿಕ್ಕು ತಪ್ಪುತ್ತದೆ. ಆ ಆಟವನ್ನೇ ಮೀನಿಗೆ ಕಲಿಸಿದರೆ ಅದು ಅಕೌಸ್ಟಿಕ್ ಟ್ಯಾಗ್. ಅಮೆರಿಕದಲ್ಲಿ 1950ರ ದಶಕದಲ್ಲೇ ಸಾಮನ್ ಮೀನಿಗೆ ಸದ್ದು ಮಾಡುವ ಪುಟ್ಟ ಯಂತ್ರ ಕಟ್ಟಿ ದೋಣಿಯಲ್ಲಿ ಹಿಂಬಾಲಿಸಿದ್ದರು. ಈಗ ಹಿಂಬಾಲಿಸುವ ಶ್ರಮ ಬೇಡ.

ಟ್ಯಾಗ್ ಎಂದರೆ ಏನು? ಟಾರ್ಚಿಗೆ ಹಾಕುವ ಪೆನ್ಸಿಲ್ ಸೆಲ್ಲಿನಷ್ಟು ದಪ್ಪದ, ಅದಕ್ಕಿಂತ ತುಸು ಉದ್ದವೋ ಗಿಡ್ಡವೋ ಆದ ಕೊಳವೆ. ಒಳಗೆ ಬ್ಯಾಟರಿ, ಒಂದು ಗಡಿಯಾರ, ಸದ್ದು ಹೊರಡಿಸುವ ಬಿಲ್ಲೆ. ಹೆಚ್ಚಿನವು 69 ಕಿಲೋಹರ್ಟ್ಸ್‌ನಲ್ಲಿ ಕೂಗುತ್ತವೆ. ನಮ್ಮ ಕಿವಿ 20 ಕಿಲೋಹರ್ಟ್ಸ್ ದಾಟಿದ್ದನ್ನು ಕೇಳಿಸಿಕೊಳ್ಳದು, ಹಾಗಾಗಿ ನೀವು ಪಕ್ಕದಲ್ಲೇ ಈಜಿದರೂ ಗೊತ್ತಾಗುವುದಿಲ್ಲ. ಒಂದು ಕೂಗು ಎಂದರೆ ಕೆಲವು ಸೆಕೆಂಡುಗಳೊಳಗೆ ಏಳೆಂಟು ಹತ್ತು ಮಿಡಿತಗಳು. ಗುಟ್ಟು ಇರುವುದು ಮಿಡಿತದಲ್ಲಲ್ಲ, ಮಿಡಿತಗಳ ನಡುವಿನ ಬಿಡುವಿನಲ್ಲಿ. ಯಕ್ಷಗಾನ ನೋಡುವವರಿಗೆ ಹೀಗೆ ಹೇಳಬಹುದು: ಚೆಂಡೆಯ ಪೆಟ್ಟು ಎಲ್ಲ ತಾಳಕ್ಕೂ ಪೆಟ್ಟೇ. ಯಾವ ತಾಳ ಎಂದು ತಿಳಿಯುವುದು ಪೆಟ್ಟುಗಳ ಅಂತರದಿಂದ. ಹಾಗೆ ಪ್ರತಿ ಟ್ಯಾಗಿಗೂ ಅದರದೇ ತಾಳ, ಅದೇ ಅದರ ಸಂಖ್ಯೆ. ಜೊತೆಗೆ ಆಳ ಅಳೆಯುವ ಸಂವೇದಕವಿದ್ದರೆ ಆ ಅಂಕಿಯನ್ನೂ ಬಿಡುವುಗಳಲ್ಲೇ ಹೆಣೆದು ಕಳಿಸುತ್ತದೆ. ಒಂದು ಸಲ ಕೂಗಿದ ಮೇಲೆ ಒಂದೆರಡು ನಿಮಿಷ ಸುಮ್ಮನಿರುತ್ತದೆ, ಮತ್ತೆ ಕೂಗುತ್ತದೆ. ಆ ಸುಮ್ಮನಿರುವ ಹೊತ್ತನ್ನು ಬೇಕೆಂದೇ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಇಡುತ್ತಾರೆ. ಇಲ್ಲವಾದರೆ ಒಂದೇ ಕಡೆ ಇರುವ ಎರಡು ಮೀನುಗಳು ಪ್ರತಿ ಸಲವೂ ಒಟ್ಟಿಗೆ ಕೂಗಿ, ನಮ್ಮ ಟಿವಿ ಚರ್ಚೆಗಳ ಹಾಗೆ ಇಬ್ಬರ ಮಾತೂ ಕೇಳಿಸದೆ ಹೋಗುತ್ತದೆ.

ಮೀನಿಗೆ ಹಾಕುವುದು ಹೇಗೆ? ಮಾಮೂಲಿ ಟ್ಯಾಗಾದರೆ ಹೊಟ್ಟೆಯಲ್ಲಿ ಚಿಕ್ಕ ಸೀಳು ಮಾಡಿ ಒಳಗೆ ಇಟ್ಟು ಹೊಲಿಗೆ ಹಾಕುತ್ತಾರೆ, ಇಲ್ಲವೇ ರೆಕ್ಕೆಯ ದಪ್ಪ ಭಾಗಕ್ಕೆ ಬಿಗಿಯುತ್ತಾರೆ. ಶಾರ್ಕ್ ಮತ್ತು ತೊರಕೆಗಳಲ್ಲಿ ಒಂದು ಅನುಕೂಲವಿದೆ. ಬೆನ್ನು ಕೆಳಗಾಗಿ ಮಗುಚಿ ಹಿಡಿದರೆ ಹಲವು ಜಾತಿಗಳು ಮಂಪರು ಕವಿದಂತೆ ಸುಮ್ಮನಾಗುತ್ತವೆ. ಏಕೆ ಹಾಗೆ ಎಂಬುದಕ್ಕೆ ಒಪ್ಪಿತವಾದ ಉತ್ತರ ಇನ್ನೂ ಸಿಕ್ಕಿಲ್ಲ, ಆದರೆ ಹೊಲಿಗೆ ಹಾಕುವವರಿಗೆ ಅದೊಂದು ವರ. ಅಷ್ಟು ಹೊತ್ತೂ ಕಿವಿರಿನ ಮೇಲೆ ನೀರು ಹರಿಸುತ್ತಿರಬೇಕು. ಟ್ಯಾಗಿನ ತೂಕ ಮೀನಿನ ತೂಕದ ನೂರಕ್ಕೆ ಎರಡು ಪಾಲು ಮೀರಬಾರದು ಎಂಬುದು ಈ ಕಸುಬಿನ ಹಳೆಯ ಲೆಕ್ಕ.

ಕೂಗುವವನು ಸಿದ್ಧನಾದ. ಕೇಳುವವನು? ಅದಕ್ಕೆ ರಿಸೀವರ್ ಬೇಕು. ಒಂದಡಿ, ಒಂದೂವರೆ ಅಡಿ ಉದ್ದದ ಕೊಳವೆ, ತುದಿಯಲ್ಲಿ ನೀರೊಳಗಿನ ಮೈಕು. ಅದಕ್ಕೆ ಭಾರ ಕಟ್ಟಿ ತಳಕ್ಕೆ ಇಳಿಸುತ್ತಾರೆ, ಮೇಲಕ್ಕೆ ಒಂದು ತೇಲುಗುಂಡು. ಹತ್ತಿರದಲ್ಲಿ ಕೂಗು ಕೇಳಿದರೆ ಅದು ಬರೆದುಕೊಳ್ಳುತ್ತದೆ: ಇಂಥ ಸಂಖ್ಯೆ, ಇಂಥ ದಿನ, ಇಂಥ ಗಂಟೆ ನಿಮಿಷ, ಇಷ್ಟು ಆಳ. ಅಷ್ಟೇ. ದಿಕ್ಕು ಹೇಳದು, ದೂರ ಹೇಳದು. ಸಾಮಾನ್ಯವಾಗಿ ಅದರ ಕಿವಿಯಳತೆ ಕೆಲವು ನೂರು ಮೀಟರ್. ಕೊಲ್ಲಿಯ ಬಾಯಿಗೆ ಅಡ್ಡಲಾಗಿ ಸಾಲಾಗಿ ಇಟ್ಟರೆ ಅದು ಟೋಲ್‌ಗೇಟ್, ಯಾರು ಒಳಗೆ ಬಂದರು, ಯಾರು ಹೊರಗೆ ಹೋದರು ಎಂಬ ಲೆಕ್ಕ ಸಿಗುತ್ತದೆ. ಒಂದರ ಕಿವಿಯಳತೆ ಮತ್ತೊಂದರದ್ದಕ್ಕೆ ತಾಗುವಂತೆ ಒತ್ತಾಗಿ ಇಟ್ಟರೆ, ಒಂದೇ ಕೂಗು ಮೂರು ಕಡೆ ಕೇಳಿದ ಸಮಯದ ವ್ಯತ್ಯಾಸದಿಂದ ಮೀನು ನಿಂತ ಜಾಗವನ್ನೇ ಗುರುತಿಸಬಹುದು.

ಪತ್ರಿಕೆಗಳಲ್ಲಿ ಬರುವ ನಕ್ಷೆಗಳನ್ನು ನೋಡಿದರೆ ವಿಜ್ಞಾನಿಗಳು ಮೊಬೈಲಿನಲ್ಲಿ ಆಟೋ ಬರುವುದನ್ನು ನೋಡುವ ಹಾಗೆ ಮೀನನ್ನು ನೋಡುತ್ತಿರುತ್ತಾರೆ ಎನ್ನಿಸುತ್ತದೆ. ಹಾಗಿಲ್ಲ. ಹೆಚ್ಚಿನ ರಿಸೀವರ್‌ಗಳು ತಳದಲ್ಲೇ ಕುಳಿತು ಬರೆದುಕೊಳ್ಳುತ್ತವೆ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ದೋಣಿ ಹೋಗಿ, ಅದನ್ನು ಎತ್ತಿ, ಮೈಗೆ ಮೆತ್ತಿಕೊಂಡ ಚಿಪ್ಪು ಪಾಚಿ ಕೆರೆದು, ಒಳಗಿನ ಲೆಕ್ಕ ಇಳಿಸಿಕೊಳ್ಳಬೇಕು. ಅಲ್ಲಿಯವರೆಗೆ ಯಾರಿಗೂ ಏನೂ ಗೊತ್ತಿರುವುದಿಲ್ಲ. ಮಳೆ ಬಿದ್ದರೆ, ಅಲೆ ಎದ್ದರೆ, ಚಟಚಟ ಎನ್ನುವ ಸೀಗಡಿಗಳು ಹೆಚ್ಚಿದ್ದರೆ ಕಿವಿಯಳತೆ ಕುಗ್ಗುತ್ತದೆ. ಮೇಲೆ ಸಿಹಿನೀರು, ಕೆಳಗೆ ಉಪ್ಪುನೀರು ಎಂದು ಪದರ ಕಟ್ಟಿದ ಅಳಿವೆಗಳಲ್ಲಿ ಆ ಗಡಿಯಲ್ಲಿ ಸದ್ದು ಬಾಗಿ ಬೇರೆಲ್ಲೋ ಹೋಗಿಬಿಡುತ್ತದೆ. ಆದ್ದರಿಂದ ಕೇಳಿಸಲಿಲ್ಲ ಎಂದರೆ ಮೀನು ಇರಲಿಲ್ಲ ಎಂದಲ್ಲ. ಈ ವಿದ್ಯೆಯಲ್ಲಿ ಹೊಸಬರು ಎಡವುವುದು ಬಹಳ ಸಲ ಇಲ್ಲಿಯೇ.

ಮೊದಲು ಸ್ಕಾಟ್ಲೆಂಡಿನ ಕಥೆ, ಸ್ವಲ್ಪದರಲ್ಲೇ ಮುಗಿಸುತ್ತೇನೆ. ಅಲ್ಲಿ ಇಂಗ್ಲಿಷಿನಲ್ಲಿ ‘ಕಾಮನ್ ಸ್ಕೇಟ್’, ಅಂದರೆ ಸಾಧಾರಣ ಸ್ಕೇಟ್ ಎಂಬ ಮೀನಿತ್ತು. ಎಷ್ಟು ಸಾಧಾರಣವಾಗಿತ್ತೆಂದರೆ ಯಾರೂ ಅದರ ಲೆಕ್ಕ ಇಡಲಿಲ್ಲ. 1981ರಲ್ಲಿ ಒಬ್ಬ ವಿಜ್ಞಾನಿ ಐರಿಷ್ ಸಮುದ್ರದಿಂದ ಅದು ಕಾಣೆಯಾಗಿದೆ ಎಂದು ಬರೆದಾಗ, ವಾಣಿಜ್ಯ ಮೀನುಗಾರಿಕೆಯೊಂದೇ ಒಂದು ಮೀನನ್ನು ಇಂಥ ಅಂಚಿಗೆ ತಳ್ಳಬಲ್ಲದು ಎಂಬುದಕ್ಕೆ ಮೊದಲ ಸ್ಪಷ್ಟ ಉದಾಹರಣೆ ಸಿಕ್ಕಿತು. ಆಮೇಲೆ, 2010ರ ಹೊತ್ತಿಗೆ, ಆ ಸಾಧಾರಣ ಸ್ಕೇಟ್ ಒಂದಲ್ಲ, ಎರಡು ಜಾತಿ ಎಂದು ಗೊತ್ತಾಯಿತು. ಹೆಸರನ್ನೇ ತಪ್ಪಾಗಿ ಕರೆಯುತ್ತಾ ಎರಡನ್ನೂ ಮುಗಿಸುತ್ತಾ ಬಂದಿದ್ದರು. ಅವುಗಳಲ್ಲಿ ದೊಡ್ಡದು ಫ್ಲಾಪರ್ ಸ್ಕೇಟ್. ಎರಡು ಮೀಟರಿಗೂ ಮೀರಿ ಬೆಳೆಯುತ್ತದೆ, ತೂಕ ನೂರು ಕಿಲೋ ದಾಟಬಲ್ಲದು. ಈಗ ಅದು ಅಳಿವಿನ ತೀವ್ರ ಅಪಾಯದ ಪಟ್ಟಿಯಲ್ಲಿದೆ.

ಸ್ಕಾಟ್ಲೆಂಡಿನ ಪಶ್ಚಿಮ ತೀರದಲ್ಲಿ ಗಾಳ ಹಾಕುವ ಹವ್ಯಾಸಿಗಳು ದಶಕಗಳಿಂದ ಹಿಡಿದ ಸ್ಕೇಟ್‌ಗೆ ಸಂಖ್ಯೆಯ ಬಿಲ್ಲೆ ಚುಚ್ಚಿ ಬಿಡುತ್ತಿದ್ದರು. ಅದೇ ಮೀನು ಅದೇ ಜಾಗದಲ್ಲಿ ಮತ್ತೆ ಮತ್ತೆ ಗಾಳಕ್ಕೆ ಬೀಳುತ್ತಿತ್ತು. ಆದರೆ ಗಾಳಕ್ಕೆ ಬಿದ್ದ ಎರಡು ದಿನಗಳ ನಡುವೆ ಅದು ಎಲ್ಲಿತ್ತು? ಅಟ್ಲಾಂಟಿಕ್ ಸುತ್ತಿ ಬಂತೋ, ಅಲ್ಲೇ ಮಲಗಿತ್ತೋ? ಅಕೌಸ್ಟಿಕ್ ಟ್ಯಾಗ್ ಹಾಕಿದಾಗ ತಿಳಿದದ್ದು, ಕೆಲವು ಅಲೆಮಾರಿಗಳು, ಆದರೆ ಹಲವು ಆ ಕೊಲ್ಲಿಯಲ್ಲೇ ತಿಂಗಳುಗಟ್ಟಲೆ ಮನೆ ಮಾಡಿಕೊಂಡಿದ್ದವು. ಒಂದೇ ಕಡೆ ಇರುವ ಮೀನಿಗೆ ಆ ಜಾಗವನ್ನು ಕಾಯುವುದರಲ್ಲಿ ಅರ್ಥವಿದೆ. 2014ರಲ್ಲಿ ಲಾಕ್ ಸುನಾರ್ಟ್‌ನಿಂದ ಜುರಾ ಜಲಸಂಧಿಯವರೆಗಿನ ನೀರನ್ನು ಈ ಸ್ಕೇಟ್‌ಗಾಗಿ ಸಂರಕ್ಷಿತ ಸಾಗರ ಪ್ರದೇಶ ಎಂದು ಘೋಷಿಸಿದರು. ಮೊಟ್ಟೆಯ ಕಥೆ ಇನ್ನೂ ಚೆನ್ನಾಗಿದೆ. ಸ್ಕೈ ದ್ವೀಪದ ಪಕ್ಕ ಬಂಡೆಗಳ ಸಂದಿಯಲ್ಲಿ ಮೊಟ್ಟೆಗಳ ದೊಡ್ಡ ತಾಣ ಕಂಡಾಗ 2021ರಲ್ಲಿ ಅದನ್ನು ತುರ್ತಾಗಿ ಸಂರಕ್ಷಿತವೆಂದು ಘೋಷಿಸಿದರು. ಒಂದು ಮೊಟ್ಟೆಯನ್ನು ಆರ್ಕ್‌ನಿ ದ್ವೀಪದಲ್ಲಿ ತೊಟ್ಟಿಯಲ್ಲಿಟ್ಟು ಕಾದರು. ಮರಿ ಹೊರಬಂದದ್ದು 534ನೆಯ ದಿನ. ಒಂದೂವರೆ ವರ್ಷ ಕಲ್ಲಿನ ಸಂದಿಯಲ್ಲಿ ಕುಳಿತಿರಬೇಕಾದ ಮೊಟ್ಟೆಯ ಮೇಲೆ ಒಂದೇ ಒಂದು ಸಲ ತಳ ಕೆರೆಯುವ ಬಲೆ ಹಾದುಹೋದರೆ ಸಾಕು.

ಅಲ್ಲಿ ಟ್ಯಾಗು ಸುಖಾಂತದ ಕಡೆಗೆ ಒಯ್ದಿತು. ಈಗ ನಾನು ನಿಜವಾಗಿ ಹೇಳಬೇಕೆಂದು ಬಂದ ಕಥೆ ಹೇಳುತ್ತೇನೆ, ಅದು ಅಷ್ಟು ಹಗುರವಲ್ಲ.

ಆಸ್ಟ್ರೇಲಿಯಾದ ಕೆಳಗಿರುವ ದ್ವೀಪ ಟಾಸ್ಮೇನಿಯಾ. ಅದರ ಪಶ್ಚಿಮಕ್ಕೆ ಮಕ್ವಾರಿ ಹಾರ್ಬರ್ ಎಂಬ ವಿಶಾಲವಾದ ಕೊಲ್ಲಿಯಿದೆ. ವಿಶಾಲ ಎಂದೆ, ಆದರೆ ಬಾಯಿ ಬಹಳ ಕಿರಿದು, ಆಳವೂ ಕಡಿಮೆ. ಆ ಬಾಯಿಗೆ ಹೆಲ್ಸ್ ಗೇಟ್ಸ್, ನರಕದ ಬಾಗಿಲು ಎಂದು ಹೆಸರು. 1822ರಿಂದ 1833ರವರೆಗೆ ಒಳಗಿನ ಸಾರಾ ದ್ವೀಪದಲ್ಲಿ ಬ್ರಿಟಿಷರ ಕೈದಿಗಳ ಶಿಬಿರವಿತ್ತು, ಹೆಸರಿಗೆ ಆ ನೆನಪು ಅಂಟಿಕೊಂಡಿದೆ. ಗಾರ್ಡನ್ ಮತ್ತು ಕಿಂಗ್ ಎಂಬ ಎರಡು ನದಿಗಳು ಅದಕ್ಕೆ ಸೇರುತ್ತವೆ. ಕಾಡಿನ ಎಲೆಗಳ ಕಷಾಯ ಕುಡಿದ ಚಹಾದ ಬಣ್ಣದ ಸಿಹಿನೀರು ಮೇಲೆ, ಕೆಳಗೆ ಸಮುದ್ರದಿಂದ ನುಗ್ಗಿದ ಭಾರದ ಉಪ್ಪುನೀರು. ಮೇಲಿನ ನೀರು ಎಷ್ಟು ಕಡು ಎಂದರೆ ಕೆಲವೇ ಮೀಟರ್ ಕೆಳಗೆ ಬೆಳಕು ಹೋಗದು.

ನೀವು ಹಿರಿಯರಾಗಿದ್ದರೆ ಗಾರ್ಡನ್ ನದಿಯ ಹೆಸರು ಕೇಳಿರಬಹುದು. ಅದಕ್ಕೆ ಸೇರುವ ಫ್ರಾಂಕ್ಲಿನ್ ನದಿಗೆ ಅಣೆಕಟ್ಟು ಬೇಡ ಎಂದು 1982-83ರಲ್ಲಿ ಸಾವಿರಾರು ಜನ ದೋಣಿಗಳಲ್ಲಿ ಹೋಗಿ ಅಡ್ಡ ನಿಂತರು. 1983ರ ಜುಲೈಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಆ ಅಣೆಕಟ್ಟನ್ನು ನಿಲ್ಲಿಸಿತು. ನಮ್ಮಲ್ಲಿ ಬೇಡ್ತಿ ಯೋಜನೆಯ ವಿರುದ್ಧ ಶಿರಸಿ, ಯಲ್ಲಾಪುರಗಳಲ್ಲಿ ದನಿ ಎದ್ದದ್ದೂ ಹೆಚ್ಚುಕಡಿಮೆ ಅದೇ ಕಾಲ. ಹೀಗೆ ಮಕ್ವಾರಿ ಹಾರ್ಬರಿನ ಮೂರನೆಯ ಒಂದು ಭಾಗದಷ್ಟು ನೀರು ವಿಶ್ವ ಪರಂಪರೆಯ ತಾಣದೊಳಗೆ ಸೇರಿದೆ. ಆದರೆ ಅದೇ ಕೊಲ್ಲಿಗೆ ಕಿಂಗ್ ನದಿಯ ಮೂಲಕ ಕ್ವೀನ್ಸ್‌ಟೌನ್ ಕಡೆಯ ತಾಮ್ರದ ಗಣಿ 1994ರವರೆಗೂ ಹತ್ತು ಕೋಟಿ ಟನ್ನಿನಷ್ಟು ಗಣಿಕೆಸರು ಸುರಿಯಿತು. ಪವಿತ್ರವೆಂದು ಘೋಷಿಸುವುದಕ್ಕೂ ಕಸ ಸುರಿಯುವುದಕ್ಕೂ ಜಗಳವಿಲ್ಲ ಎಂಬುದು ನಮಗೇನು ಹೊಸತಲ್ಲ, ನಮ್ಮ ನದಿಗಳ ಮಕ್ಕಳು ನಾವು.

1988ರಲ್ಲಿ, ಇದಕ್ಕೆ ದಕ್ಷಿಣಕ್ಕಿರುವ ಬಾಥರ್ಸ್ಟ್ ಹಾರ್ಬರಿನಲ್ಲಿ ಒಬ್ಬ ಸಂಶೋಧಕರಿಗೆ ಯಾರೂ ಕಂಡಿರದ ಸ್ಕೇಟ್ ಸಿಕ್ಕಿತು. ಆಮೇಲೆ ಮಕ್ವಾರಿಯಲ್ಲಿ ಸಿಕ್ಕಿತು. ಜಗತ್ತಿನಲ್ಲಿ ಬೇರೆಲ್ಲಿಯೂ ಸಿಗಲಿಲ್ಲ. 2007ರಲ್ಲಿ ಅದಕ್ಕೆ ವೈಜ್ಞಾನಿಕ ಹೆಸರು ಬಂತು. ಮೋಜಿಯನ್ ಸ್ಕೇಟ್ ಎನ್ನುತ್ತಾರೆ. ಉದ್ದ ಒಂದು ಮೀಟರಿಗಿಂತ ಕಡಿಮೆ. ಅದರ ಹತ್ತಿರದ ನಂಟರು ಇರುವುದು ನ್ಯೂಜಿಲೆಂಡಿನಲ್ಲಿ, ದಕ್ಷಿಣ ಅಮೆರಿಕದಲ್ಲಿ, ಅದೂ ತೆರೆದ ಸಮುದ್ರದಲ್ಲಿ. ಇದೊಂದು ಮಾತ್ರ ಸಿಹಿ-ಉಪ್ಪು ಬೆರೆತ ಅಳಿವೆಯೊಳಗೆ ಬಂದು ಬಾಗಿಲು ಹಾಕಿಕೊಂಡು ಕುಳಿತಿದೆ. ಬಾಥರ್ಸ್ಟ್‌ನಲ್ಲಿ ಈಗ ಅದು ಉಳಿದಿಲ್ಲ ಎಂಬ ಭಯ ಬಲವಾಗಿದೆ. ಅಂದರೆ ಇಡೀ ಜಾತಿಯ ವಿಳಾಸ ಒಂದೇ ಕೊಲ್ಲಿ.

ಟಾಸ್ಮೇನಿಯಾ ವಿಶ್ವವಿದ್ಯಾಲಯದ ಸಾಗರ ಮತ್ತು ಅಂಟಾರ್ಕ್ಟಿಕ್ ಅಧ್ಯಯನ ಸಂಸ್ಥೆಯವರು 2010ರ ದಶಕದ ಮೊದಲ ಭಾಗದಲ್ಲಿ ಇದಕ್ಕೆ ಅಕೌಸ್ಟಿಕ್ ಟ್ಯಾಗ್ ಹಾಕತೊಡಗಿದರು. ಮೊದಲ ಪಾಠ: ಇದು ಮನೆಬಿಟ್ಟು ಹೋಗುವ ಮೀನಲ್ಲ. ಎರಡನೆಯದು: ಕೊಲ್ಲಿಯ ಆಳ 50 ಮೀಟರ್ ಇರುವ ಕಡೆಗಳಿದ್ದರೂ ಇವುಗಳ ದಿನಚರಿ ಹೆಚ್ಚಾಗಿ 5ರಿಂದ 15 ಮೀಟರಿನ ನಡುವಿನ ಪಟ್ಟಿಯಲ್ಲೇ. ಈ ಅಂಕಿಗಳನ್ನು ಗಮನದಲ್ಲಿಡಿ. ಏಕೆಂದರೆ ಹವ್ಯಾಸಿ ಮೀನುಗಾರರು ನೀರಿನಲ್ಲಿ ಗೋಡೆಯಂತೆ ನಿಲ್ಲಿಸುವ, ಕಿವಿರು ಸಿಕ್ಕಿಸುವ ಬಲೆ ಬಿಡುತ್ತಿದ್ದದ್ದು ಆ ಪಟ್ಟಿಯನ್ನು ಮುಟ್ಟುತ್ತಿತ್ತು. ಬಲೆಗೆ ಬಿದ್ದು ಸಾಯುವುದೇ ದೊಡ್ಡ ಅಪಾಯ ಎಂದು ಆಗ ಅಂದುಕೊಂಡಿದ್ದರು.

ಅಷ್ಟರಲ್ಲಿ ಇನ್ನೊಂದು ಸಂಗತಿ ನಡೆಯುತ್ತಿತ್ತು. ಕೊಲ್ಲಿಯಲ್ಲಿ 1980ರ ದಶಕದಿಂದಲೂ ಅಟ್ಲಾಂಟಿಕ್ ಸಾಮನ್ ಸಾಕಣೆಯಿದೆ. ನೀರಿನಲ್ಲಿ ದೊಡ್ಡ ಬಲೆಯ ತೊಟ್ಟಿಗಳನ್ನು ತೇಲಿಬಿಟ್ಟು ಅದರೊಳಗೆ ಮೀನು ಸಾಕುತ್ತಾರೆ. 2012ರಲ್ಲಿ ಇದನ್ನು ದೊಡ್ಡದಾಗಿ ವಿಸ್ತರಿಸಲು ಒಪ್ಪಿಗೆ ಸಿಕ್ಕಿತು. ಇಷ್ಟು ಮೀನು ಉಸಿರಾಡುತ್ತವೆ. ತಿಂದುಳಿದ ಮೇವು, ಮಲ ತಳಕ್ಕೆ ಬೀಳುತ್ತದೆ, ಅದನ್ನು ಕೊಳೆಯಿಸುವ ಬ್ಯಾಕ್ಟೀರಿಯಾಗಳೂ ಉಸಿರಾಡುತ್ತವೆ. ನೀರಲ್ಲಿ ಕರಗಿದ ಆಮ್ಲಜನಕ ಖರ್ಚಾಗುತ್ತದೆ. ಬೆಂಗಳೂರಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಬೆಳಗಾಗುವಷ್ಟರಲ್ಲಿ ಬೆಳ್ಳಗೆ ಮೀನು ತೇಲಿದ್ದನ್ನು ನೋಡಿದ್ದೀರಿ. ವ್ಯತ್ಯಾಸವೆಂದರೆ ಮಕ್ವಾರಿಯಲ್ಲಿ ಮೇಲಿನ ನೀರಿಗೆ ಏನೂ ಆಗಿಲ್ಲ. ಪದರ ಕಟ್ಟಿದ ನೀರಿನಲ್ಲಿ ಗಾಳಿಯ ಸಂಪರ್ಕ ಮೇಲಿನವರಿಗೆ ಮಾತ್ರ. ಕೆಳಗಿನ ನೀರಿಗೆ ಹೊಸ ಉಸಿರು ಸಿಗಬೇಕಾದರೆ ಸಮುದ್ರದ ತಾಜಾ ನೀರು ಆ ಕಿರಿದಾದ ನರಕದ ಬಾಗಿಲನ್ನು ದಾಟಿ ಬರಬೇಕು, ಅದು ಬರುವುದು ಗಾಳಿ ಮತ್ತು ನದಿಯ ಹರಿವು ಕೂಡಿಬಂದಾಗ ಮಾತ್ರ. ನದಿಯ ಹರಿವು ಮೇಲಿನ ಜಲವಿದ್ಯುತ್ ಸ್ಥಾವರದ ಕೈಯಲ್ಲಿದೆ. ಒಟ್ಟಿನಲ್ಲಿ 2009ರ ಸುಮಾರಿನಿಂದ ಆಳದ ಆಮ್ಲಜನಕ ಇಳಿಯುತ್ತಲೇ ಹೋಯಿತು. ಸಾಕಬಹುದಾದ ಸಾಮನ್‌ನ ಮಿತಿಯನ್ನು ಆಮೇಲೆ ಅರ್ಧಕ್ಕಿಂತ ಕೆಳಗೆ ತಂದರು. ಆದರೆ ತಳದ ಸಾಲ ಅಷ್ಟು ಬೇಗ ತೀರುವುದಿಲ್ಲ.

ಸ್ಕೇಟ್ ಇದನ್ನು ಹೇಗೆ ತಾಳಿಕೊಳ್ಳುತ್ತಿದೆ ಎಂದು ತಿಳಿಯಬೇಕಿತ್ತು. ಆಮ್ಲಜನಕ ಅಳೆಯುವ ಯಂತ್ರವನ್ನು ಕೊಲ್ಲಿಯ ಒಂದು ಕಡೆ ಇಳಿಬಿಟ್ಟರೆ ಆ ಜಾಗದ ಲೆಕ್ಕ ಸಿಗುತ್ತದೆ. ಮೀನು ಅಲ್ಲಿರುತ್ತದೆ ಎಂದು ಯಾರು ಹೇಳಿದರು? ಹಾಗಾಗಿ ಸಂಶೋಧಕರು ಯಂತ್ರವನ್ನೇ ಮೀನಿಗೆ ಕಟ್ಟಿದರು. ಆಳವನ್ನೂ, ಕರಗಿದ ಆಮ್ಲಜನಕವನ್ನೂ ಅಳೆದು ಕೂಗಿ ಹೇಳುವ ಟ್ಯಾಗು. ಇದನ್ನು ಹೊಟ್ಟೆಯೊಳಗೆ ಹೊಲಿದಿಡಲಾಗದು, ಸಂವೇದಕಕ್ಕೆ ಹೊರಗಿನ ನೀರು ತಾಗಬೇಕು. ಈಗ ಮೀನು ತಾನು ಎಲ್ಲಿದ್ದೇನೆ ಎನ್ನುವುದರ ಜೊತೆಗೆ, ಈ ಕ್ಷಣ ತಾನು ಉಸಿರಾಡುತ್ತಿರುವ ನೀರು ಎಂಥದ್ದು ಎಂದೂ ಹೇಳುತ್ತಿತ್ತು. ನನಗೆ ಇಡೀ ಕಥೆಯಲ್ಲಿ ಅತ್ಯಂತ ಇಷ್ಟವಾಗುವ ಉಪಾಯ ಇದು. ಡಾಕ್ಟರು ರೋಗಿಯ ಮನೆಯ ಗೋಡೆಗೆ ಥರ್ಮಾಮೀಟರ್ ನೇತುಹಾಕುವುದನ್ನು ಬಿಟ್ಟು ರೋಗಿಯ ನಾಲಿಗೆಯ ಕೆಳಗೆ ಇಟ್ಟ ಹಾಗೆ.

ಟ್ಯಾಗಿನ ಲೆಕ್ಕವನ್ನು ಓದುವುದು ಹೇಗೆ ಎಂದು ಹೇಳುತ್ತೇನೆ. ಅಡ್ಡಕ್ಕೆ ದಿನಗಳು, ಉದ್ದಕ್ಕೆ ಆಳ. ಬದುಕಿರುವ ಸ್ಕೇಟ್‌ನ ಗೆರೆ ಮಗು ಗೀಚಿದ ಹಾಗಿರುತ್ತದೆ. ಹತ್ತು ಮೀಟರ್, ಆರು, ಹನ್ನೆರಡು, ಒಂದು ದಿನ ಎಲ್ಲಿಗೋ ಆಳಕ್ಕೆ ಹೋಗಿ ಬಂತು, ಅಲ್ಲಿ ಏಡಿ ಸಿಕ್ಕಿತೋ ಏನೋ. ಸತ್ತ ಸ್ಕೇಟ್‌ನ ಗೆರೆ ಒಂದು ಆಳದಲ್ಲಿ ನೆಟ್ಟಗಾಗುತ್ತದೆ. ಪೂರ್ತಿ ನೆಟ್ಟಗಲ್ಲ. ಹತ್ತಿರದಿಂದ ನೋಡಿದರೆ ಮೆಲ್ಲಗೆ ಏರಿಳಿಯುತ್ತಿರುತ್ತದೆ. ಅದು ಉಬ್ಬರ ಇಳಿತ. ಮೀನಿನ ಗೆರೆ ನಿಂತು ಸಮುದ್ರದ ಗೆರೆ ಮಾತ್ರ ಉಳಿದಿರುತ್ತದೆ.

ಒಂದು ಟ್ಯಾಗು ಹೀಗೆ ನಿಂತರೆ ಅನುಮಾನ ಪಡಬೇಕು. ಕಟ್ಟು ಕಳಚಿ ಬಿದ್ದಿರಬಹುದು. ಆದರೆ ಹಲವು ಗೆರೆಗಳು ಕೆಲವೇ ದಿನಗಳ ಅಂತರದಲ್ಲಿ ಒಟ್ಟಿಗೆ ನೆಟ್ಟಗಾದರೆ, ಅದಕ್ಕೆ ಸ್ವಲ್ಪ ಮುಂಚೆ ಅವೇ ಟ್ಯಾಗುಗಳು ಆಮ್ಲಜನಕ ಕುಸಿಯುತ್ತಿದೆ ಎಂದು ಕೂಗಿದ್ದರೆ? 2019ರಲ್ಲಿ ಆದದ್ದು ಅದು. ಬಿರುಗಾಳಿಯ ಹವಾಮಾನ ಕೊಲ್ಲಿಯ ಪದರಗಳನ್ನು ಓಲಾಡಿಸಿತು. ಆಳದ, ಉಸಿರಿಲ್ಲದ ನೀರು ಸ್ಕೇಟ್‌ಗಳ ಪಟ್ಟಿಯವರೆಗೆ ಎದ್ದು ಬಂತು. ಎರಡು ಸಲ ಹೀಗಾಯಿತು. ಟ್ಯಾಗ್ ಹೊತ್ತ ಸ್ಕೇಟ್‌ಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಸತ್ತವು.

ಮೇಲಕ್ಕೆ ಹೋಗಬಹುದಿತ್ತಲ್ಲ ಎಂದು ಅಲ್ಲಿ ಹಿಂದೆ ಕುಳಿತವರೊಬ್ಬರು ಕೇಳುತ್ತಿದ್ದಾರೆ. ಒಳ್ಳೆಯ ಪ್ರಶ್ನೆ. ಮೇಲೆ ಆಮ್ಲಜನಕವಿದೆ, ಆದರೆ ಅದು ಸಿಹಿನೀರು. ಈ ಸ್ಕೇಟ್‌ಗೆ ಅಷ್ಟು ಸಿಹಿನೀರು ಆಗದು, ಐದು ಮೀಟರಿಗಿಂತ ಮೇಲೆ ಅದು ಅಪರೂಪಕ್ಕೆ ಹೋಗುತ್ತದೆ. ಮೇಲಿನ ಮನೆಗೆ ಹೋಗಲಾರದು, ಕೆಳಗಿನ ಮನೆಯಲ್ಲಿ ಇರಲಾರದು. ನಡುವಿನ ಆ ಒಂದು ಪಟ್ಟಿಯೇ ಅದರ ಜಗತ್ತು, ಅದೇ ಕಿರಿದಾಗುತ್ತಾ ಬಂತು. ಕಡಿಮೆ ಆಮ್ಲಜನಕವನ್ನು ಸ್ವಲ್ಪ ಹೊತ್ತು ತಾಳುವ ಶಕ್ತಿ ಅದಕ್ಕಿದೆ. ಸ್ವಲ್ಪ ಹೊತ್ತು ಮಾತ್ರ.

ನಮ್ಮ ನ್ಯಾಯಾಲಯಗಳಲ್ಲಿ ಮರಣಕಾಲದ ಹೇಳಿಕೆಗೆ ವಿಶೇಷ ಬೆಲೆಯಿದೆ. ಸಾಯುವವರು ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯ ಮೇಲೆ ನಿಂತದ್ದು ಅದು. ಸಮುದ್ರದ ತಳದಲ್ಲಿ ಸತ್ತ ಮೀನಿಗೆ ಸಾಮಾನ್ಯವಾಗಿ ಹೇಳಿಕೆಯೇ ಇರುವುದಿಲ್ಲ. ಏಡಿ ತಿನ್ನುತ್ತದೆ, ಕೆಸರು ಮುಚ್ಚುತ್ತದೆ, ಲೆಕ್ಕ ಮುಗಿಯಿತು. ಇಲ್ಲಿ ಮಾತ್ರ ದಿನಾಂಕ, ಗಂಟೆ, ಆಳ, ಕಾರಣ ಸಮೇತ ಹೇಳಿಕೆ ದಾಖಲಾಯಿತು.

ಹೇಳಿಕೆ ದಾಖಲಾದ ಮೇಲೆ ಏನಾಯಿತು? ಇಲ್ಲಿಂದ ಮುಂದೆ ವಿಜ್ಞಾನ ಕಡಿಮೆ, ರಾಜಕೀಯ ಹೆಚ್ಚು. 2023ರಲ್ಲಿ ಬಂದ ವರದಿಯ ಪ್ರಕಾರ 2014ರಿಂದ 2021ರ ನಡುವೆ ಸ್ಕೇಟ್‌ಗಳ ಸಂಖ್ಯೆ ಶೇಕಡ 47ರಷ್ಟು ಕುಸಿದಿತ್ತು. ಅದೇ ವರ್ಷ ಆಸ್ಟ್ರೇಲಿಯಾ ಸರ್ಕಾರದ ಸಂರಕ್ಷಣಾ ಸಲಹೆಯು ಉಳಿದಿರಬಹುದಾದ ವಯಸ್ಕ ಸ್ಕೇಟ್‌ಗಳನ್ನು 40ರಿಂದ 120 ಎಂದು ಅಂದಾಜಿಸಿತು. 2012ರ ವಿಸ್ತರಣೆಯ ಒಪ್ಪಿಗೆಯನ್ನು ಮರುಪರಿಶೀಲಿಸಿ ಎಂದು ಪರಿಸರ ಸಂಘಟನೆಗಳು ಸಚಿವರಿಗೆ ಅರ್ಜಿ ಹಾಕಿದವು. ಸ್ಟ್ರಾನ್ ಎಂಬ ಪುಟ್ಟ ಊರಿನ ಜನ ಎದ್ದು ನಿಂತರು, ಏಕೆಂದರೆ ಅಲ್ಲಿ ಬಹಳ ಮನೆಗಳ ಅನ್ನ ಸಾಮನ್‌ನಿಂದ. ಅವರನ್ನು ಖಳರನ್ನಾಗಿ ಮಾಡುವುದು ಸುಲಭ, ನಾನು ಮಾಡಲಾರೆ. 2025ರ ಮಾರ್ಚಿನಲ್ಲಿ, ಚುನಾವಣೆ ಹೊಸ್ತಿಲಲ್ಲಿದ್ದಾಗ, ಅಲ್ಲಿನ ಸಂಸತ್ತು ಇಂಥ ಹಳೆಯ ಒಪ್ಪಿಗೆಗಳನ್ನು ಸಚಿವರು ಮರುಪರಿಶೀಲಿಸುವ ಅಧಿಕಾರವನ್ನೇ ಮೊಟಕುಗೊಳಿಸುವ ತಿದ್ದುಪಡಿ ಮಾಡಿತು. ಆ ದಿನ ಸೆನೆಟ್‌ನಲ್ಲಿ ಒಬ್ಬ ಸದಸ್ಯೆ ಪ್ಲಾಸ್ಟಿಕ್ ಚೀಲದಲ್ಲಿ ಸತ್ತ ಸಾಮನ್ ಒಂದನ್ನು ಎತ್ತಿ ಹಿಡಿದು ಪ್ರತಿಭಟಿಸಿದರು. ಫೋಟೊ ಎಲ್ಲ ಕಡೆ ಬಂತು. ಫೋಟೊದಲ್ಲಿಯೂ ಸಾಮನ್ನೇ, ಸ್ಕೇಟ್ ಇರಲಿಲ್ಲ.

ಇನ್ನೊಂದು ಪಕ್ಕದ ಮಾತನ್ನೂ ಹೇಳದಿದ್ದರೆ ನಾನು ವಕೀಲನಾಗುತ್ತೇನೆ, ಉಪನ್ಯಾಸಕನಾಗುವುದಿಲ್ಲ. 2025ರ ಆರಂಭದಲ್ಲಿ, ಟ್ಯಾಗ್ ಹಾಕಿದ ಅದೇ ಟಾಸ್ಮೇನಿಯಾ ಸಂಸ್ಥೆಯ ಸಂಶೋಧಕರು ಹೊಸ ಸಮೀಕ್ಷೆಯ ಫಲ ಹೊರಗಿಟ್ಟರು. ಬಲೆಗೆ ಸಿಕ್ಕ ಸ್ಕೇಟ್‌ಗಳ ಪ್ರಮಾಣ 2014ರ ಮಟ್ಟಕ್ಕೆ ಮರಳಿದಂತೆ ಕಂಡಿತು. ಸಾಕಣೆಯವರು ಇದನ್ನು ಹಿಡಿದುಕೊಂಡರು. ಒಂದೇ ಕೊಲ್ಲಿಯಲ್ಲಿ ಇರುವ ಮೀನಿಗೆ ಇದು ಸಂತೋಷದ ಸುದ್ದಿಯೇ, ನನಗೂ ಸಂತೋಷವಾಯಿತು. ಆದರೆ 2019ರಲ್ಲಿ ಕೆಲವೇ ದಿನಗಳ ಕೆಟ್ಟ ನೀರು ಏನು ಮಾಡಬಲ್ಲದು ಎಂಬುದನ್ನು ಟ್ಯಾಗುಗಳು ಬರೆದಿಟ್ಟಿವೆ. ಸಂಖ್ಯೆ ಏರಿದ್ದರಿಂದ ಆ ಬರಹ ಅಳಿಸುವುದಿಲ್ಲ. ಬಾಗಿಲು ಒಂದೇ ಇರುವ ಮನೆಯಲ್ಲಿ ಜನ ಹೆಚ್ಚಾದರೆಂದು ಬೆಂಕಿಯ ಭಯ ಕಡಿಮೆಯಾಗುವುದಿಲ್ಲವಲ್ಲ.

ಈ ನಡುವೆ ಎರಡು ಪ್ರಯತ್ನಗಳು ನಡೆದಿವೆ. ಒಂದು, ತೇಲುವ ದೋಣಿಯಿಂದ ಆಳದ ನೀರನ್ನು ಮೇಲೆತ್ತಿ, ಆಮ್ಲಜನಕ ಬೆರೆಸಿ, ಮತ್ತೆ ಆಳಕ್ಕೆ ಇಳಿಸುವುದು. ಕೊಲ್ಲಿಗೆ ವೆಂಟಿಲೇಟರ್ ಎಂದುಕೊಳ್ಳಿ. ಇನ್ನೊಂದು, 2023ರ ಕೊನೆಯಲ್ಲಿ ನಾಲ್ಕು ವಯಸ್ಕ ಸ್ಕೇಟ್‌ಗಳನ್ನು ಹಿಡಿದು ತೊಟ್ಟಿಗೆ ತಂದು ಮರಿ ಮಾಡಿಸುವ ಯತ್ನ. ಅವುಗಳಲ್ಲಿ ಎರಡು ಬೇಗನೆ ಸತ್ತವು. ಉಳಿದ ಹೆಣ್ಣೊಂದು ನೂರಕ್ಕೂ ಹೆಚ್ಚು ಮೊಟ್ಟೆ ಇಟ್ಟು ಎಲ್ಲರನ್ನೂ ಬೆರಗುಗೊಳಿಸಿತು, ಮರಿಗಳೂ ಬಂದವು. ಕೊಲ್ಲಿಯಲ್ಲಿ ಬಿಟ್ಟ ಮೊಟ್ಟೆಯ ಪಾಡು ಬೇರೆ. ಅದು ತಿಂಗಳುಗಟ್ಟಲೆ ತಳದಲ್ಲೇ ಕುಳಿತಿರಬೇಕು. ತಾಯಿ ಕೆಟ್ಟ ನೀರಿನಿಂದ ಸರಿದು ಹೋಗಲು ಯತ್ನವನ್ನಾದರೂ ಮಾಡಬಹುದು, ಮೊಟ್ಟೆಗೆ ಅದೂ ಇಲ್ಲ. ಮೊಟ್ಟೆಗೆ ಕಟ್ಟುವ ಟ್ಯಾಗೂ ಇಲ್ಲ.

ಇದನ್ನು ನಮ್ಮ ಕರಾವಳಿಯಲ್ಲಿ ಮಾಡಬಹುದೇ ಎಂದು ಚೀಟಿ ಬಂದಿದೆ. ಮಾಡಬಹುದು, ಕಷ್ಟವಿದೆ. ನಮ್ಮ ತೊರಕೆಗಳು ಹೆಚ್ಚಾಗಿ ಸಾಯುವುದು ಉಸಿರುಗಟ್ಟಿಸುವ ನೀರಿನಲ್ಲಲ್ಲ, ಬೇರೆ ಮೀನಿಗೆ ಬೀಸಿದ ಟ್ರಾಲ್ ಬಲೆಯಲ್ಲಿ. ಅದೇ ಬಲೆ ತಳದಲ್ಲಿ ಕುಳಿತ ರಿಸೀವರನ್ನೂ ಎಳೆದುಕೊಂಡು ಹೋಗುತ್ತದೆ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವಾಗ ಬಲೆಯ ಕಾಟ ಇರುವುದಿಲ್ಲ, ಆದರೆ ಆಗ ಮಳೆಗಾಲದ ಕಡಲಿಗೆ ಸಂಶೋಧಕರ ದೋಣಿಯೂ ಇಳಿಯದು. ನನಗೆ ಕೇಳಿದರೆ ಅಘನಾಶಿನಿಯಂಥ ಅಳಿವೆಯಿಂದ ಆರಂಭಿಸಬಹುದು, ಅದರ ನದಿಗೆ ಅಣೆಕಟ್ಟಿಲ್ಲ, ಚಿಪ್ಪು ಹೆಕ್ಕುವವರೂ ಬಲೆ ಬಿಡುವವರೂ ಅದನ್ನು ಅಂಗೈಯಂತೆ ಬಲ್ಲರು. ರಿಸೀವರ್ ಎಲ್ಲಿಡಬೇಕು ಎಂದು ಮೊದಲು ಅವರನ್ನೇ ಕೇಳಬೇಕು. ಗರಗಸ ಮೀನು 2001ರಿಂದಲೂ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಅದೂ ತೊರಕೆಯ ಬಳಗದ್ದೇ. ಅದಕ್ಕೆ ಟ್ಯಾಗ್ ಹಾಕಬೇಕಾದರೆ ಮೊದಲು ಜೀವಂತ ಗರಗಸ ಮೀನೊಂದು ಸಿಗಬೇಕು.

ಕೊನೆಯ ಚೀಟಿ, ಒಬ್ಬ ವಿದ್ಯಾರ್ಥಿನಿಯದ್ದು. ‘ಸ್ಕೇಟ್ ಸತ್ತ ಮೇಲೆ ಟ್ಯಾಗ್ ಏನಾಗುತ್ತದೆ?’

ಏನೂ ಆಗುವುದಿಲ್ಲ. ಮೀನಿನ ಮೈ ಕರಗಿದ ಮೇಲೆ ಅದು ಕೆಸರಿನ ಮೇಲೆ ಬಿದ್ದಿರುತ್ತದೆ. ಬ್ಯಾಟರಿ ಇರುವವರೆಗೂ, ತಿಂಗಳೋ ವರ್ಷವೋ, ಒಂದೆರಡು ನಿಮಿಷಕ್ಕೊಮ್ಮೆ ತನ್ನ ಸಂಖ್ಯೆ, ಆಳ, ಆಮ್ಲಜನಕ ಹೇಳುತ್ತಲೇ ಇರುತ್ತದೆ. ಹತ್ತಿರದ ರಿಸೀವರ್ ಅದನ್ನು ಗಂಟೆ ನಿಮಿಷ ಸಮೇತ ಬರೆದುಕೊಳ್ಳುತ್ತಲೇ ಇರುತ್ತದೆ.